ಕಾಸರಗೋಡಿನಿಂದ ಎಂಬಿಬಿಎಸ್ ಸೀಟಿಗೆ ಅರ್ಜಿ ಹಾಕುದು ಹೇಗೆ: ಬಾಗಿಲು ಮೂರು, ಕಾಗದದ ಕಟ್ಟೂ ಮೂರು

ನನ್ನದು ಬದಿಯಡ್ಕ ಪೇಟೆಯಲ್ಲಿ ಒಂದು ಸಣ್ಣ ಝೆರಾಕ್ಸ್ ಅಂಗಡಿ. ಝೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೋ, ಆನ್‌ಲೈನ್ ಅರ್ಜಿ, ಎಲ್ಲ ಉಂಟು. ಫೆಬ್ರವರಿ ಬಂತು ಅಂದ್ರೆ ಸಾಯಂಕಾಲದ ಬಸ್ಸಿಂದ ಇಳಿದು ಒಬ್ಬ ಅಪ್ಪ, ಹಿಂದೆ ಒಬ್ಬಳು ಮಗಳು, ಅಪ್ಪನ ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ತೊಟ್ಟೆಯೊಳಗೆ ರೇಷನ್ ಕಾರ್ಡಿಂದ ಹಿಡಿದು ಅಜ್ಜನ ಕಾಲದ ತೆರಿಗೆ ರಶೀದಿವರೆಗೆ ಇಡೀ ಮನೆಯ ಕಾಗದ. "ಅಣ್ಣ, ಇದೊಂದು ನೀಟ್ ಹಾಕಿ ಕೊಡಿ, ನಾಳೆ ಲಾಸ್ಟ್ ಡೇಟಂತೆ." ತೊಟ್ಟೆ ಬಿಡಿಸಿ ನೋಡಿದ್ರೆ ಬೇಕಾದ ಕಾಗದ ಮಾತ್ರ ಅದರಲ್ಲಿ ಇಲ್ಲ.

ನಾನು ಡಾಕ್ಟರಲ್ಲ, ಮಾಸ್ಟ್ರೂ ಅಲ್ಲ, ಕೋಚಿಂಗಿನವನಂತೂ ಅಲ್ಲವೇ ಅಲ್ಲ. ಆದ್ರೆ ಅಕ್ಕನ ಮಗಳನ್ನು ಎರಡು ಸಲ ಈ ಅರ್ಜಿಗಳಲ್ಲಿ ದಾಟಿಸಿದ್ದೇನೆ, ಮೊದಲ ಸಲ ನನ್ನದೇ ತಪ್ಪಿಂದ ಒಂದು ಬಾಗಿಲು ಮುಚ್ಚಿ ಹೋಯ್ತು, ಅದು ಈಗಲೂ ಹೊಟ್ಟೆಯೊಳಗೆ ಚುಚ್ತದೆ. ಓದಿ ಮಾರ್ಕು ತೆಗೆಯುವ ವಿಷಯ ನಿಮಗೆ ಬೇರೆಯವರು ಹೇಳಿಕೊಡ್ತಾರೆ, ನಾನು ಹೇಳುದು ಕಾಗದದ ವಿಷಯ. ನಮ್ಮ ಕಡೆಯ ಮಕ್ಕಳು ಗಡಿಯಲ್ಲಿ ಇರುದರಿಂದ ಬೇರೆಯವರಿಗೆ ಇಲ್ಲದ ಒಂದು ಅವಕಾಶವೂ ಉಂಟು, ಬೇರೆಯವರಿಗೆ ಇಲ್ಲದ ತಲೆಬಿಸಿಯೂ ಉಂಟು.

ಮೊದಲು ಬಾಗಿಲು ಯಾವುದೆಲ್ಲ ಅಂತ ತಿಳ್ಕೊಳ್ಳಿ

ನೀಟ್ ಅಂದ್ರೆ ಡಾಕ್ಟರ್ ಓದಿಗೆ ಇಡೀ ದೇಶಕ್ಕೆ ಇರುವ ಒಂದೇ ಪ್ರವೇಶ ಪರೀಕ್ಷೆ. ಆದ್ರೆ ನೀಟ್ ಬರೆದ ಕೂಡ್ಲೆ ಯಾರೂ ಕರೆದು ಸೀಟು ಕೊಡುದಿಲ್ಲ. ಸೀಟು ಹಂಚುದು ಬೇರೆ ಬೇರೆ ಕಡೆ, ಪ್ರತಿಯೊಂದಕ್ಕೂ ಬೇರೆ ಅರ್ಜಿ.

ಒಂದನೇ ಬಾಗಿಲು ದೆಹಲಿಯ ಎಂಸಿಸಿ, ಅಂದ್ರೆ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ. ದೇಶದ ಎಲ್ಲ ಸರ್ಕಾರಿ ಮೆಡಿಕಲ್ ಕಾಲೇಜುಗಳ 15 ಪರ್ಸೆಂಟ್ ಸೀಟು, ಎಲ್ಲ ಏಮ್ಸ್, ಪುದುಚ್ಚೇರಿಯ ಜಿಪ್ಮರ್, ಮತ್ತೆ ಡೀಮ್ಡ್ ಯೂನಿವರ್ಸಿಟಿಗಳು (ತಾವೇ ಯೂನಿವರ್ಸಿಟಿ ಅಂತ ಮಾನ್ಯತೆ ಇರುವವು) ಇದರಲ್ಲಿ ಬರ್ತವೆ. ಇಲ್ಲೊಂದು ಗಮ್ಮತ್ತಿನ ವಿಷಯ ಕೇಳಿ, ನಮಗೆ ಮಂಗಳೂರಿನ ಕೆಎಂಸಿ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ, ಯೇನೆಪೋಯ ಎಲ್ಲ ಪಕ್ಕದ ಮನೆ ಇದ್ದ ಹಾಗೆ, ಅಜ್ಜಿಗೆ ಹುಷಾರಿಲ್ಲದಿದ್ರೆ ಅಲ್ಲಿಗೇ ಓಡುದು, ಆದ್ರೆ ಆ ಮೂರೂ ಡೀಮ್ಡ್ ಆದ್ದರಿಂದ ಅಲ್ಲಿಯ ಸೀಟಿನ ದಾರಿ ಗಡಿಯ ತಲಪಾಡಿ ಮೇಲೆ ಹೋಗುದಿಲ್ಲ, ದೆಹಲಿ ಮೇಲೆ ಹೋಗ್ತದೆ. ಅದೇ ಕಂಕನಾಡಿಯ ಫಾದರ್ ಮುಲ್ಲರ್ ಡೀಮ್ಡ್ ಅಲ್ಲ, ಅದು ಕರ್ನಾಟಕದ ಪರೀಕ್ಷಾ ಪ್ರಾಧಿಕಾರ, ಅಂದ್ರೆ ಕೆಇಎ ಬಾಗಿಲಲ್ಲಿ ಬರುದು. ನೆರೆಕರೆಯ ಕಾಲೇಜುಗಳೇ ಬೇರೆ ಬೇರೆ ಲಿಸ್ಟಲ್ಲಿ.

ಎರಡನೇ ಬಾಗಿಲು ತಿರುವನಂತಪುರದ ಸಿಇಇ, ಅಂದ್ರೆ ಕೇರಳದ ಎಂಟ್ರೆನ್ಸ್ ಕಮಿಷನರ ಆಫೀಸು, ಅಲ್ಲಿಗೆ ಹಾಕುದು ಕೀಮ್ ಅರ್ಜಿ. ಕೇರಳದ ಸರ್ಕಾರಿ ಕಾಲೇಜುಗಳ ಉಳಿದ 85 ಪರ್ಸೆಂಟ್ ಮತ್ತು ಇಲ್ಲಿಯ ಖಾಸಗಿ ಕಾಲೇಜುಗಳ ಸೀಟು ಇಲ್ಲಿಂದ. ನಾವು ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡಿದ್ರೂ ಕಾಗದದಲ್ಲಿ ಕೇರಳದವರೇ, ಹಾಗಾಗಿ ನಮಗೆ ನಿಜವಾಗಿ ಸೀಟು ಸಿಗುವ ಛಾನ್ಸ್ ಜಾಸ್ತಿ ಇರುದು ಈ ಬಾಗಿಲಲ್ಲೇ.

ಮೂರನೇದು ಬೆಂಗಳೂರಿನ ಕೆಇಎ. ಗಡಿನಾಡ ಕನ್ನಡಿಗ ಅನ್ನುವ ಕ್ಲಾಸಿನಲ್ಲಿ ನಮಗೆ ಅಲ್ಲಿಯೂ ಅರ್ಜಿ ಹಾಕ್ಲಿಕ್ಕೆ ಆಗ್ತದೆ. ಇದರ ಬಗ್ಗೆ ಕೆಳಗೆ ಉದ್ದಕ್ಕೆ ಹೇಳ್ತೇನೆ, ಯಾಕಂದ್ರೆ ಊರಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ, ಗೊತ್ತಿದ್ದ ಅರ್ಧ ಜನ ತಪ್ಪು ತಿಳ್ಕೊಂಡಿರ್ತಾರೆ.

ಪ್ಲಸ್ ವನ್‌ನಲ್ಲೇ (ಹನ್ನೊಂದನೇ ಕ್ಲಾಸಲ್ಲೇ) ಮಾಡ್ಬೇಕಾದ ಕೆಲಸ: ಹೆಸರು

ಎಲ್ಲಕ್ಕಿಂತ ದೊಡ್ಡ ಪೀಕಲಾಟ ಹೆಸರಿನದ್ದು. ಉದಾಹರಣೆಗೆ ಐಶ್ವರ್ಯ ಅಂತ ಇಟ್ಕೊಳ್ಳುವ. ಕನ್ನಡದಲ್ಲಿ ಬರೆಯುವಾಗ ಯಾರಿಗೂ ಸಂಶಯ ಇಲ್ಲ. ಇಂಗ್ಲಿಷಲ್ಲಿ ಬರೆಯುವಾಗ ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ್ರೆ ಬರ್ತ್ ಸರ್ಟಿಫಿಕೇಟಲ್ಲಿ ಶ್ವ ಅಂತ ಬರ್ಲಿಕ್ಕೆ ಎಸ್ ಆದ ಮೇಲೆ ಎಚ್ ಹಾಕ್ತಾರೆ, ಇಲ್ಲಿ ಶಾಲೆಗೆ ಸೇರಿಸುವಾಗ ಕೇರಳದ ಕ್ರಮದಲ್ಲಿ ಎಚ್ ಇಲ್ಲದೆ ಬರೀತಾರೆ, ಆಧಾರ್ ಮಾಡುವವ ಮಲಯಾಳಂ ನೋಡಿ ಮೂರನೇ ರೀತಿ ಟೈಪ್ ಮಾಡಿರ್ತಾನೆ. ಲಕ್ಷ್ಮಿಗೆ ಇಲ್ಲಿ "ಲೆಕ್ಷ್ಮಿ", ಅಲ್ಲಿ "ಲಕ್ಷ್ಮಿ". ಇನಿಶಿಯಲ್ ಮತ್ತೊಂದು ಕಥೆ, ಒಂದರಲ್ಲಿ ಹೆಸರಿನ ಮುಂದೆ ಇರ್ತದೆ, ಒಂದರಲ್ಲಿ ಹಿಂದೆ, ಒಂದರಲ್ಲಿ ಅದನ್ನು ಬಿಡಿಸಿ ಅಪ್ಪನ ಪೂರ್ತಿ ಹೆಸರು, ಇನ್ನೊಂದರಲ್ಲಿ ಮನೆ ಹೆಸರು.

ನನ್ನ ಸೊಸೆ, ಅಂದ್ರೆ ಅಕ್ಕನ ಆ ಮಗಳದ್ದೂ ಹಾಗೇ ಆಗಿತ್ತು. ಎಸ್‌ಎಸ್‌ಎಲ್‌ಸಿ ಬುಕ್ಕಿನಲ್ಲಿ ಒಂದು, ಆಧಾರಿನಲ್ಲಿ ಒಂದು, ನೀಟ್ ಅರ್ಜಿಯಲ್ಲಿ ಆಧಾರ್ ಹೊಂದಾಣಿಕೆ ಆಗುದಿಲ್ಲ ಅಂತ ಕೆಂಪು ಅಕ್ಷರ ಬರುದು, ನಾನು ಪುನಃ ಪುನಃ ಒತ್ತುದು. ಹತ್ತು ಗಂಟೆ ರಾತ್ರಿವರೆಗೆ ಒತ್ತಿದ್ದೇನೆ, ಅಂಗಡಿ ಶಟರ್ ಅರ್ಧ ಎಳೆದು. ಅವಳು ಪಕ್ಕದಲ್ಲಿ ಸ್ಟೂಲಲ್ಲಿ ಕೂತು ಬಯಾಲಜಿ ಓದ್ತಾ ಇದ್ಲು, "ಮಾವ, ಸಾಕು ಬಿಡಿ, ನಾಳೆ ನೋಡುವ" ಅಂತ ಅವಳೇ ನಂಗೆ ಸಮಾಧಾನ ಹೇಳಿದ್ದು.

ಹಾಗಾಗಿ ಕ್ರಮ ಹೀಗೆ. ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟಲ್ಲಿ ಹೇಗೆ ಉಂಟೋ ಅದನ್ನೇ ಮೂಲ ಅಂತ ಇಟ್ಕೊಳ್ಳಿ, ಆಧಾರನ್ನು ಅದಕ್ಕೆ ಸರಿ ಮಾಡಿಸಿ, ಉಲ್ಟಾ ಹೋಗ್ಬೇಡಿ. ಆಧಾರಿಗೆ ಮನೆಯವರ ಕೈಯಲ್ಲಿ ಯಾವಾಗಲೂ ಇರುವ ನಂಬರನ್ನೇ ಲಿಂಕ್ ಮಾಡಿ, ಗಲ್ಫಲ್ಲಿರುವ ಅಪ್ಪನ ಹಳೇ ಸಿಮ್ಮಿನ ನಂಬರು ಕೊಟ್ರೆ ಓಟಿಪಿ ಬರುವ ಹೊತ್ತಿಗೆ ಅಲ್ಲಿ ಅವರು ಡ್ಯೂಟಿಯಲ್ಲಿ ಇರ್ತಾರೆ. ಬರ್ತ್ ಸರ್ಟಿಫಿಕೇಟ್, ಅಪ್ಪ ಅಮ್ಮನ ದಾಖಲೆಗಳಲ್ಲಿ ಉಳಿದ ವ್ಯತ್ಯಾಸಕ್ಕೆ ವಿಲ್ಲೇಜ್ ಆಫೀಸಿಂದ "ಈ ಎರಡೂ ಹೆಸರು ಒಬ್ಬರದ್ದೇ" ಅಂತ ಕೊಡುವ ವನ್ ಆಂಡ್ ಸೇಮ್ ಸರ್ಟಿಫಿಕೇಟ್ ಉಂಟು, ಕೇರಳದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ವೆಬ್‌ಸೈಟ್ ಮೂಲಕ ಅರ್ಜಿ ಹಾಕ್ಲಿಕ್ಕೆ ಆಗ್ತದೆ. ಮಗು ಪ್ಲಸ್ ವನ್ ಸೇರಿದ ವರ್ಷವೇ ಇದನ್ನು ಮುಗಿಸಿದ್ರೆ ಪ್ಲಸ್ ಟು ಫೆಬ್ರವರಿಯಲ್ಲಿ ನನ್ನಂಥವನ ಅಂಗಡಿಯಲ್ಲಿ ರಾತ್ರಿ ಕೂರ್ಲಿಕ್ಕಿಲ್ಲ.

ವಿಲ್ಲೇಜ್ ಆಫೀಸಿನ ಕಾಗದಗಳು

ಕೇರಳದವರು ಅಂತ ತೋರಿಸ್ಲಿಕ್ಕೆ ನೇಟಿವಿಟಿ ಬೇಕು. ಮಗು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ ಆದ್ರೆ (ಮಂಜೇಶ್ವರ ಕಡೆ ಎಷ್ಟೋ ಮಕ್ಕಳು ಅಲ್ಲೇ ಹುಟ್ಟುದು) ಬರ್ತ್ ಸರ್ಟಿಫಿಕೇಟಲ್ಲಿ ಊರು ಕರ್ನಾಟಕ ಅಂತ ಇರ್ತದೆ, ಅದನ್ನು ಕೇರಳದ ಜನನ ದಾಖಲೆ ಅಂತ ಕೊಡ್ಲಿಕ್ಕೆ ಆಗುದಿಲ್ಲ. ಅಂಥವರು ವಿಲ್ಲೇಜ್ ಆಫೀಸರಿಂದ ನೇಟಿವಿಟಿ ಸರ್ಟಿಫಿಕೇಟ್ ತೆಗೆದಿಡುದು ಒಳ್ಳೇದು.

ಮತ್ತೆ ಜಾತಿ, ಆದಾಯ. ಇಲ್ಲಿ ಜನ ಯಾವಾಗಲೂ ಬೀಳುವ ಹೊಂಡ ಯಾವುದು ಅಂದ್ರೆ, ಕೇರಳದ ರಿಸರ್ವೇಶನಿಗೆ ಬೇಕಾದ ಕಾಗದ ಬೇರೆ, ಕೇಂದ್ರದ್ದಕ್ಕೆ ಬೇಕಾದದ್ದು ಬೇರೆ. ಕೀಮ್‌ಗೆ ನಾನ್ ಕ್ರೀಮಿ ಲೇಯರ್ (ಹಿಂದುಳಿದ ಜಾತಿಯಲ್ಲಿ ಶ್ರೀಮಂತರು ಅಲ್ಲ ಅನ್ನುವ ಕಾಗದ) ವಿಲ್ಲೇಜ್ ಆಫೀಸರ್ ಕೊಟ್ಟದ್ದು ಸಾಕು. ಎಂಸಿಸಿಯಲ್ಲಿ ಓಬಿಸಿ ಅಂತ ಹೋಗ್ಬೇಕಾದ್ರೆ ಕೇಂದ್ರ ಸರ್ಕಾರದ ನಮೂನೆಯಲ್ಲಿ ತಹಶೀಲ್ದಾರ್ ಕೊಟ್ಟದ್ದು ಬೇಕು, ಇಂಗ್ಲಿಷಲ್ಲೇ ಇರ್ಬೇಕು. ಎರಡನ್ನೂ ಒಟ್ಟಿಗೆ ತೆಗೆದಿಡಿ. ಜಾತಿಯ ಹೆಸರು ಕೂಡ ನೋಡ್ಕೊಳ್ಳಿ, ಬಿಲ್ಲವರು ಕರ್ನಾಟಕದಲ್ಲಿ ಬಿಲ್ಲವರೇ ಆದ್ರೆ ಕೇರಳದ ಪಟ್ಟಿಯಲ್ಲಿ ಈಳವ, ತೀಯ ಒಟ್ಟಿಗೆ ಒಂದೇ ಗುಂಪು, ಅವರಿಗೆ 9 ಪರ್ಸೆಂಟ್. ಮುಸ್ಲಿಮರಿಗೆ 8. ಎಸ್‌ಸಿಗೆ 8, ಎಸ್‌ಟಿಗೆ 2. ಕೇಂದ್ರದಲ್ಲಿ ಲೆಕ್ಕ ಪೂರಾ ಬೇರೆ, ಓಬಿಸಿ ಎಲ್ಲ ಸೇರಿ 27, ಎಸ್‌ಸಿ 15, ಎಸ್‌ಟಿ ಏಳೂವರೆ.

ಅಡಿಕೆ ತೋಟದವರು ಇಡಬ್ಲ್ಯೂಎಸ್, ಅಂದ್ರೆ ಬೇರೆ ಮೀಸಲಾತಿ ಇಲ್ಲದ ಬಡವರ ಕೋಟಾದ ವಿಷಯದಲ್ಲಿ ಸರಿಯಾಗಿ ಕೇಳಿ. ಯಾವ ಮೀಸಲಾತಿಯೂ ಇಲ್ಲದ ಮನೆ, ತೋಟ ಮೂರು ಎಕರೆ, ವರ್ಷದ ಆದಾಯ ಮೂರೂವರೆ ಲಕ್ಷ ಅಂತ ಇಟ್ಕೊಳ್ಳಿ. ಕೇಂದ್ರದ ನಿಯಮದಲ್ಲಿ ಆದಾಯ 8 ಲಕ್ಷಕ್ಕಿಂತ ಕಮ್ಮಿ, ಕೃಷಿ ಭೂಮಿ 5 ಎಕರೆಗಿಂತ ಕಮ್ಮಿ ಇರ್ಬೇಕು, ಇವರು ಪಾಸ್. ಕೇರಳದ ನಿಯಮದಲ್ಲಿ ಆದಾಯ 4 ಲಕ್ಷ, ಪಂಚಾಯತಿನಲ್ಲಿ ಭೂಮಿ ಎರಡೂವರೆ ಎಕರೆ ದಾಟ್ಬಾರ್ದು, ಇವರು ಫೇಲ್. ಒಂದೇ ಮನೆ, ಒಂದೇ ತೋಟ, ದೆಹಲಿ ಲೆಕ್ಕದಲ್ಲಿ ಬಡವರು, ತಿರುವನಂತಪುರದ ಲೆಕ್ಕದಲ್ಲಿ ಅಲ್ಲ. "ಒಂದು ಕಡೆ ಸಿಕ್ಕಿಲ್ಲ ಅಂದ್ರೆ ಇನ್ನೊಂದು ಕಡೆಯೂ ಸಿಗುದಿಲ್ಲ" ಅಂತ ಬಿಟ್ಟುಬಿಟ್ಟವರನ್ನು ನಾನೇ ನೋಡಿದ್ದೇನೆ. ಇಡಬ್ಲ್ಯೂಎಸ್ ಸರ್ಟಿಫಿಕೇಟ್ ಹಣಕಾಸು ವರ್ಷಕ್ಕೆ ಕಟ್ಟಿದ್ದು, ಹಾಗಾಗಿ ಏಪ್ರಿಲ್ 1 ದಾಟಿದ ಮೇಲೆ ಹೊಸದೊಂದು ಮಾಡಿಸಿಡಿ, ಓಬಿಸಿಯವರೂ ನಾನ್ ಕ್ರೀಮಿ ಲೇಯರ್ ಹೊಸದು ಮಾಡಿಸಿ. ಕೌನ್ಸೆಲಿಂಗ್, ಅಂದ್ರೆ ಸೀಟು ಹಂಚುದು ಶುರು ಆದ ಮೇಲೆ ಓಡಿದ್ರೆ ಜೋರು ಮಳೆ, ವಿಲ್ಲೇಜ್ ಆಫೀಸಲ್ಲಿ ಎಲ್ಲರೂ ಅದೇ ಕಾಗದಕ್ಕೆ ನಿಂತಿರ್ತಾರೆ, ಕರೆಂಟೂ ಇರುದಿಲ್ಲ.

ಇನ್ನೊಂದು, ಮಲಯಾಳಂ ಬರೀಲಿಕ್ಕೆ ಬರುದಿಲ್ಲ ಅಂತ ಹೆದ್ರಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕೊಡುವ ಹಕ್ಕು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಉಂಟು. ಒಂದು ಆಫೀಸಲ್ಲಿ ನಂಗೆ "ಮಲಯಾಳಂನಲ್ಲಿ ಬರೆದು ತಾ" ಅಂತ ಅರ್ಜಿ ವಾಪಸ್ ಕೊಟ್ಟಿದ್ರು. ಕಾಯ್ದೆ ಹೇಳಿ ಜಗಳ ಮಾಡುವ ಮೂಡಿತ್ತು, ಆದ್ರೆ ಸೊಸೆಗೆ ಕಾಗದ ಬೇಕಿತ್ತು, ಸುಮ್ಮನೆ ಬರೆದು ಕೊಟ್ಟೆ. ನಿಮಗೆ ಟೈಮ್ ಇದ್ರೆ ನೀವು ಜಗಳ ಮಾಡಿ.

ನೀಟ್ ಅರ್ಜಿ

2025ರಲ್ಲಿ ಫೆಬ್ರವರಿ 7ರಿಂದ ಮಾರ್ಚ್ 7ರವರೆಗೆ ಅರ್ಜಿ ತಕ್ಕೊಂಡ್ರು, ಮೇ 4ರ ಆದಿತ್ಯವಾರ ಪರೀಕ್ಷೆ. ಫೀಸು ಜನರಲ್‌ಗೆ 1,700, ಓಬಿಸಿ ಮತ್ತು ಇಡಬ್ಲ್ಯೂಎಸ್‌ಗೆ 1,600, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ 1,000 ಇತ್ತು. ವಯಸ್ಸು ಸೀಟು ಸಿಗುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರ್ಬೇಕು, ಮೇಲಿನ ಮಿತಿ ಇಲ್ಲ, ಎಷ್ಟು ಸಲ ಬರೀಬಹುದು ಅಂತಲೂ ಮಿತಿ ಇಲ್ಲ. ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಜನರಲ್‌ನವರಿಗೆ 50 ಪರ್ಸೆಂಟ್, ಎಸ್‌ಸಿ, ಎಸ್‌ಟಿ, ಓಬಿಸಿಯವರಿಗೆ 40.

ಫೋಟೋ ಬಿಳಿ ಬ್ಯಾಕ್‌ಗ್ರೌಂಡಲ್ಲಿ, ಕಿವಿ ಕಾಣುವ ಹಾಗೆ. ಪಾಸ್‌ಪೋರ್ಟ್ ಸೈಜ್ ಒಂದು, ಪೋಸ್ಟ್‌ಕಾರ್ಡ್ ಸೈಜ್ ಒಂದು. ಬೆರಳಚ್ಚು ಎರಡೂ ಕೈಯದ್ದು. ಮೊಬೈಲಲ್ಲಿ ತೆಗೆದ ಸೆಲ್ಫಿಯನ್ನು ಕತ್ತರಿಸಿ ಹಾಕಿ ಅಂತ ಹೇಳುವವರು ಈಗಲೂ ಬರ್ತಾರೆ ಮಾರಾಯ್ರೆ, ಹಿಂದೆ ಬಟ್ಟೆ ಒಣಗ್ಲಿಕ್ಕೆ ಹಾಕಿದ್ದು ಕಾಣ್ತದೆ.

ಅರ್ಜಿಯಲ್ಲಿ ಎರಡು ಕಡೆ ನಿಧಾನ ಮಾಡಿ. ಒಂದು ಕ್ಯಾಟಗರಿ, ಅಲ್ಲಿ ಕೇಳುದು ಕೇಂದ್ರದ ಪಟ್ಟಿಯ ಪ್ರಕಾರ. ಇನ್ನೊಂದು ಪ್ರಶ್ನೆಪತ್ರಿಕೆಯ ಭಾಷೆ. ನೀಟ್ 13 ಭಾಷೆಯಲ್ಲಿ ಉಂಟು, ಕನ್ನಡವೂ ಉಂಟು, ಆದ್ರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುದು ಕರ್ನಾಟಕದ ಸೆಂಟರುಗಳಲ್ಲಿ ಮಾತ್ರ. ಕನ್ನಡ ಅಂತ ಒತ್ತಿದ್ರೆ ಕಾಸರಗೋಡು, ಕಣ್ಣೂರು ಲಿಸ್ಟಿಂದ ಮಾಯ, ಮಂಗಳೂರೇ ಗತಿ. ಪತ್ರಿಕೆಯಲ್ಲಿ ಕನ್ನಡದ ಒಟ್ಟಿಗೆ ಇಂಗ್ಲಿಷೂ ಇರ್ತದೆ, ಎರಡರಲ್ಲಿ ವ್ಯತ್ಯಾಸ ಬಂದ್ರೆ ಇಂಗ್ಲಿಷಿನದ್ದೇ ಕೊನೆ ಮಾತು.

ನನ್ನ ಅಭಿಪ್ರಾಯ ಕೇಳಿದ್ರೆ, ಹತ್ತರವರೆಗೆ ಕನ್ನಡ ಮೀಡಿಯಂ ಓದಿ ಪ್ಲಸ್ ಟು ಇಂಗ್ಲಿಷಲ್ಲಿ ಓದುವ ನಮ್ಮ ಮಕ್ಕಳಿಗೆ ಉದ್ದದ ಬಯಾಲಜಿ ಪ್ರಶ್ನೆ ಬಂದಾಗ ಒಂದು ಕಣ್ಣು ಕನ್ನಡದ ಮೇಲೆ ಹಾಯಿಸಿದ್ರೆ ಧೈರ್ಯ ಬರ್ತದೆ, ಆದ್ರೆ ಎರಡು ವರ್ಷ "ಫೋಟೋಸಿಂಥೆಸಿಸ್" ಅಂತ ಓದಿದವರಿಗೆ ಪತ್ರಿಕೆಯಲ್ಲಿ "ದ್ಯುತಿಸಂಶ್ಲೇಷಣೆ" ಅಂತ ಕಂಡ್ರೆ ಅರ್ಧ ನಿಮಿಷ ಅಲ್ಲೇ ಹೋಗ್ತದೆ. 180 ಪ್ರಶ್ನೆಗೆ 180 ನಿಮಿಷ. ಮಂಜೇಶ್ವರ, ಉಪ್ಪಳದವರಿಗೆ ಹೇಗೂ ಮಂಗಳೂರೇ ಹತ್ತಿರ, ಅವರು ಕನ್ನಡ ತಕ್ಕೊಂಡ್ರೆ ನಷ್ಟ ಇಲ್ಲ. ಕಾಞಂಗಾಡಿನವರು ಬರೀ ಅಭಿಮಾನಕ್ಕೆ ತಕ್ಕೊಂಡು ಮೇ ತಿಂಗಳ ಸೆಕೆಯಲ್ಲಿ ಹೈವೇ ಬ್ಲಾಕಲ್ಲಿ ಸಿಕ್ಕಿಬಿದ್ರೆ ಅಭಿಮಾನ ಕುಂಬಳೆಯಲ್ಲೇ ಇಳಿದುಹೋಗ್ತದೆ.

ಕೀಮ್: ನನ್ನ ತಪ್ಪು ಇಲ್ಲಿ

ಮೊದಲ ವರ್ಷ ನಾನು ಎಣಿಸಿದ್ದು ಏನಂದ್ರೆ, ಕೀಮ್ ಅಂದ್ರೆ ಇಂಜಿನಿಯರಿಂಗ್ ಎಂಟ್ರೆನ್ಸ್, ನಮ್ಮವಳಿಗೆ ಡಾಕ್ಟರ್ ಆಗ್ಬೇಕು, ನಮಗೆ ಅದು ಬೇಡ. ನೀಟ್ ಹಾಕಿದ್ದೇನಲ್ಲ, ರಿಸಲ್ಟ್ ಬಂದ ಮೇಲೆ ಕೇರಳದವರು ತಾವಾಗಿಯೇ ರ‍್ಯಾಂಕ್ ಲಿಸ್ಟ್ ಮಾಡ್ತಾರೆ ಅಂತ. ಮಾಡ್ತಾರೆ ಹೌದು, ಆದ್ರೆ ಕೀಮ್ ಅರ್ಜಿ ಹಾಕಿದವರದ್ದು ಮಾತ್ರ. ಮೆಡಿಕಲ್‌ಗೆ ಕೀಮ್‌ನಲ್ಲಿ ಪರೀಕ್ಷೆ ಬರೀಲಿಕ್ಕಿಲ್ಲ, ಆದ್ರೆ ಅರ್ಜಿ ಹಾಕ್ಲೇಬೇಕು, ಅದೂ ನೀಟ್ ಪರೀಕ್ಷೆಗಿಂತ ಮೊದಲೇ. 2025ರಲ್ಲಿ ಶುರುವಿಗೆ ಹೇಳಿದ್ದು ಫೆಬ್ರವರಿ 20ರಿಂದ ಮಾರ್ಚ್ 10ರವರೆಗೆ ಅಂತ. ನಮ್ಮ ಆ ವರ್ಷ ನಂಗೆ ಗೊತ್ತಾಗುವಾಗ ಗಡು ದಾಟಿತ್ತು. ಕೆಲವು ವರ್ಷ ನೀಟ್ ರಿಸಲ್ಟ್ ನಂತರ ಮತ್ತೊಮ್ಮೆ ಅವಕಾಶ ಕೊಟ್ಟದ್ದುಂಟು, ಅದನ್ನು ನಂಬಿ ಕೂರ್ಬೇಡಿ.

ಅಕ್ಕ ಆ ದಿನ ನಂಗೆ ಎಂತದೂ ಹೇಳ್ಲಿಲ್ಲ. ಒಂದು ಲೋಟ ಮಜ್ಜಿಗೆ ತಂದಿಟ್ಟು ಒಳಗೆ ಹೋದ್ಲು. ಬೈದಿದ್ರೆ ಒಳ್ಳೇದಿತ್ತು.

ಹಾಗಾಗಿ ನೀಟ್ ಅರ್ಜಿ ಹಾಕಿದ ಅದೇ ವಾರ ಕೀಮ್ ಅರ್ಜಿಯೂ ಹಾಕಿ. ಮೆಡಿಕಲ್ ಆಂಡ್ ಅಲೈಡ್ ಅನ್ನುದಕ್ಕೆ ಟಿಕ್ ಮಾಡಿ. ರಿಸರ್ವೇಶನ್ ಕಾಗದ ಅಪ್‌ಲೋಡ್ ಮಾಡಿ, ಪುನಃ ತೆರೆದು ಅಕ್ಷರ ಓದ್ಲಿಕ್ಕಾಗ್ತದಾ ನೋಡಿ. ನೀಟ್ ರಿಸಲ್ಟ್ ಬಂದ ಮೇಲೆ ಇನ್ನೊಂದು ಕೆಲಸ ಉಂಟು, ಸಿಇಇ ವೆಬ್‌ಸೈಟಿಗೆ ಹೋಗಿ ನೀಟ್ ಸ್ಕೋರನ್ನು ನೀವೇ ಸಬ್ಮಿಟ್ ಮಾಡ್ಬೇಕು, ಅದಕ್ಕೂ ಒಂದು ಕೊನೆ ದಿನ. ಇದನ್ನು ಬಿಟ್ರೆ ಅಷ್ಟು ದಿನದ ಕಷ್ಟ ಎಲ್ಲ ಹೊಳೆಗೆ ಹುಣಸೆಹಣ್ಣು ಹಿಂಡಿದ ಹಾಗೆ.

ಕೆಇಎ: ಗಡಿನಾಡಿನವರ ಬಾಗಿಲು

1956ರಲ್ಲಿ ರಾಜ್ಯ ವಿಂಗಡಣೆ ಆಗುವಾಗ ನಾವು ಕೇರಳಕ್ಕೆ ಸೇರಿದೆವು. ಆ ಹಳೇ ಗಾಯದ ನೆನಪಿಗೋ ಏನೋ ಕರ್ನಾಟಕದ ಸೀಟು ನಿಯಮದಲ್ಲಿ ಒಂದು ಸಾಲು ಉಂಟು. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕು, ಇಲ್ಲಿಯ ನಿವಾಸಿಗಳಾಗಿದ್ದು ಮನೆಮಾತು ಕನ್ನಡ, ತುಳು ಅಥವಾ ಕೊಡವ ಆದವರು ಗಡಿನಾಡ ಕನ್ನಡಿಗ ಅಂತ ಕೆಇಎಯಲ್ಲಿ ಅರ್ಜಿ ಹಾಕಬಹುದು.

ಕ್ರಮ ಇದು. ಸಿಇಟಿಗೆ ಅಂತ ಕರೆಯುವ ಅರ್ಜಿಯಲ್ಲೇ ಮೆಡಿಕಲ್‌ನವರೂ ರಿಜಿಸ್ಟರ್ ಮಾಡುದು, ಸಾಮಾನ್ಯ ಜನವರಿ, ಫೆಬ್ರವರಿಯಲ್ಲೇ ಶುರು ಆಗ್ತದೆ, ಮೂರರಲ್ಲಿ ಮೊದಲು ಬರುದು ಇದೇ. ಅರ್ಜಿಯಲ್ಲಿ ಗಡಿನಾಡು ಕ್ಲಾಸ್ ಆರಿಸ್ಬೇಕು. ನಿವಾಸದ್ದೂ ಮನೆಮಾತಿನದ್ದೂ ಸರ್ಟಿಫಿಕೇಟನ್ನು ಕೆಇಎ ನಿಯಮ ಪುಸ್ತಕದ, ಅಂದ್ರೆ ಬ್ರೋಶರಿನ ಹಿಂದೆ ಕೊಟ್ಟ ನಮೂನೆಯಲ್ಲೇ ಮಾಡಿಸ್ಬೇಕು, ವಿಲ್ಲೇಜ್ ಆಫೀಸಿನ ಮಾಮೂಲಿ ಕಾಗದ ತಕ್ಕೊಂಡು ಹೋದ್ರೆ ಅಲ್ಲಿ ವೆರಿಫಿಕೇಶನಲ್ಲಿ ನಡೆಯುದಿಲ್ಲ. ಪ್ಲಸ್ ಟು ಎಲ್ಲಿ ಓದಿದ್ದು ಅನ್ನುದನ್ನೂ ಆ ಕ್ಲಾಸಲ್ಲಿ ನೋಡ್ತಾರೆ. ಹಾಗಾಗಿ ಹತ್ತನೇ ಕ್ಲಾಸ್ ಮುಗಿದ ಕೂಡ್ಲೆ "ಮಂಗಳೂರಲ್ಲಿ ಪಿಯುಸಿ ಹಾಕ್ತೇವೆ, ಕರ್ನಾಟಕದ ಸೀಟು ಸಿಗ್ತದೆ" ಅಂತ ಹೊರಡುವವರು ಆ ವರ್ಷದ ಬ್ರೋಶರ್ ತೆಗೆದು ಆ ಸಾಲನ್ನು ಅಕ್ಷರ ಅಕ್ಷರ ಓದಿ, ಕೋಚಿಂಗ್ ಆಫೀಸಿನ ಕೌಂಟರಲ್ಲಿ ಕೂತ ಹುಡುಗ ಹೇಳಿದ್ದನ್ನು ಕೇಳಿ ಫೀಸು ಕಟ್ಟಬೇಡಿ. ಎರಡು ವರ್ಷ ಅಲ್ಲಿ ಓದಿದ ಮಾತ್ರಕ್ಕೆ ಕರ್ನಾಟಕದವರು ಆಗುದಿಲ್ಲ, ಅದರ ಸಾಮಾನ್ಯ ಕ್ಲಾಸಿಗೆ ಕೇಳುದು ಏಳು ವರ್ಷದ ಓದು.

ಆಮೇಲೆ ಕನ್ನಡ ಭಾಷಾ ಪರೀಕ್ಷೆ. ಸಿಇಟಿ ಆಸುಪಾಸಿನ ದಿನದಲ್ಲೇ ಕೆಇಎ ನಡೆಸ್ತದೆ, ನಮಗೆ ಮಂಗಳೂರು ಸೆಂಟರ್ ಹತ್ತಿರ. 50 ಮಾರ್ಕಿನದ್ದು, 12 ಬಂದ್ರೆ ಸಾಕು. ಕೇಳಿದ್ರೆ ನಗು ಬರ್ತದೆ, ಅರುವತ್ತೆಪ್ಪತ್ತು ವರ್ಷದಿಂದ ಕನ್ನಡ ಕನ್ನಡ ಅಂತ ಬೊಬ್ಬೆ ಹಾಕಿದ ಊರಿನ ಮಕ್ಕಳು ಕನ್ನಡ ಬರ್ತದೆ ಅಂತ ತೋರಿಸ್ಲಿಕ್ಕೆ ಪರೀಕ್ಷೆ ಬರೀಬೇಕು. ಆದ್ರೆ ನಗುದು ಬೇಡ, ನನ್ನ ಅಂಗಡಿಗೆ ಬಂದ ಒಬ್ಬ ಹುಡುಗ, ಒಳ್ಳೆ ತುಳು, ಒಳ್ಳೆ ಕನ್ನಡ ಮಾತಾಡ್ತಾನೆ, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಸೆಕೆಂಡ್ ಲ್ಯಾಂಗ್ವೇಜ್ ಮಲಯಾಳಂ. "ಸಂಸ್ಕೃತಿ" ಅಂತ ಬರಿ ಮಗ ಅಂದೆ. ಪೆನ್ನು ಹಿಡಿದು ಸ ಬರೆದ, ಸೊನ್ನೆ ಹಾಕಿದ, ಮತ್ತೆ ನನ್ನ ಮುಖ ನೋಡಿದ. ಒತ್ತಕ್ಷರ ಕೆಳಗೆ ಬರ್ತದಾ ಪಕ್ಕಕ್ಕಾ ಅಂತ ಅವನಿಗೆ ಗೊತ್ತಿಲ್ಲ. ಅಂಥವರು ಡಿಸೆಂಬರಿಂದಲೇ ದಿನಕ್ಕೆ ಅರ್ಧ ಪುಟ ಕಾಪಿ ಬರೀರಿ, ಕರ್ನಾಟಕದ ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕ ತಕ್ಕೊಂಡ್ರೆ ಸಾಕು. ಅವನು ಬರೆದ, ಪಾಸಾದ, ಅವನ ಅಜ್ಜಿಗೆ ನೀಟ್ ಪಾಸಾದದ್ದಕ್ಕಿಂತ ಇದರ ಖುಷಿಯೇ ಜಾಸ್ತಿ.

ಪರೀಕ್ಷೆಯ ದಿನ

ನೀಟ್ ಮಧ್ಯಾಹ್ನ ಎರಡು ಗಂಟೆಯಿಂದ ಐದರವರೆಗೆ, ಒಂದೂವರೆಗೆ ಗೇಟು ಮುಚ್ತದೆ, ಒಂದು ಮೂವತ್ತೊಂದಕ್ಕೆ ಬಂದವರು ಹೊರಗೆ. ಅರ್ಧ ತೋಳಿನ ಅಂಗಿ ಹಾಕಿ, ಕಾಲಿಗೆ ಚಪ್ಪಲಿಯೇ ಸಾಕು, ಶೂ ಬೇಡ, ಲೋಹದ್ದು ಮೈಮೇಲೆ ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು. ಅಡ್ಮಿಟ್ ಕಾರ್ಡ್, ಅಂಟಿಸಿದ ಪೋಸ್ಟ್‌ಕಾರ್ಡ್ ಫೋಟೋ, ಐಡಿ, ಪಾರದರ್ಶಕ ನೀರಿನ ಬಾಟಲಿ. ಪೆನ್ನು ಅಲ್ಲೇ ಕೊಡ್ತಾರೆ. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಟ್. ಬಯಾಲಜಿ 90 ಪ್ರಶ್ನೆ, ಉಳಿದೆರಡು 45, 45. ಕೇರಳದ ಪ್ಲಸ್ ಟು ಸಯನ್ಸ್ ಪುಸ್ತಕ ಎನ್‌ಸಿಇಆರ್‌ಟಿಯದ್ದೇ ಆದ್ದರಿಂದ ನಮಗೆ ಅದೊಂದು ಲಾಭ.

ರಿಸಲ್ಟ್ ಬಂದ ಮೇಲೆ ಮಾರ್ಕು ನೋಡ್ಬೇಡಿ, ರ‍್ಯಾಂಕ್ ನೋಡಿ. "ನಮ್ಮ ಭಾವನ ಮಗನಿಗೆ 2024ರಲ್ಲಿ ಇಷ್ಟು ಮಾರ್ಕಿಗೆ ಸಿಕ್ಕಿಲ್ಲ, ನಿನಗೆ ಹೇಗೆ ಸಿಗ್ತದೆ" ಅಂತ ಮದುವೆ ಮನೆಯಲ್ಲಿ ಹೇಳುವವರು ಇರ್ತಾರೆ. 2024ರಲ್ಲಿ ಕೊನೆಯ ಲಿಸ್ಟಲ್ಲೂ 17 ಜನಕ್ಕೆ 720ಕ್ಕೆ 720 ಇತ್ತು. 2025ರಲ್ಲಿ ಇಡೀ ದೇಶಕ್ಕೆ ಫಸ್ಟ್ ಬಂದವರದ್ದೇ 686. ಪೇಪರ್ ಕಷ್ಟ ಆದ ವರ್ಷ ಮಾರ್ಕು ಎಲ್ಲರದ್ದೂ ಇಳೀತದೆ, ಒಂದು ವರ್ಷದ ಮಾರ್ಕನ್ನು ಇನ್ನೊಂದು ವರ್ಷಕ್ಕೆ ತೂಗ್ಲಿಕ್ಕೆ ಆಗುದಿಲ್ಲ.

ಆಪ್ಷನ್ ಕೊಡುದು

ಆಪ್ಷನ್ ಅಂದ್ರೆ ಬೇಕಾದ ಕಾಲೇಜುಗಳನ್ನು ಕೌನ್ಸೆಲಿಂಗಿನಲ್ಲಿ ಸಾಲಾಗಿ ಬರೆದು ಕೊಡುದು, ಇದು ನಿಧಾನಕ್ಕೆ ಕೂತು ಮಾಡ್ಬೇಕಾದ ಕೆಲಸ. ಜನ ಮಾಡುವ ತಪ್ಪು, "ಇದು ನಮಗೆ ಸಿಗ್ಲಿಕ್ಕಿಲ್ಲ" ಅಂತ ಒಳ್ಳೆ ಕಾಲೇಜನ್ನು ಕೆಳಗೆ ಹಾಕುದು. ಕಂಪ್ಯೂಟರ್ ಮೇಲಿಂದ ಕೆಳಗೆ ನೋಡ್ತದೆ, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲನೇದನ್ನು ಕೊಟ್ಟು ನಿಲ್ತದೆ. ಮೇಲೆ ಹಾಕಿದ್ದು ಸಿಕ್ಕದಿದ್ರೆ ಕೆಳಗಿನದ್ದು ಕೈತಪ್ಪುದಿಲ್ಲ. ಹಾಗಾಗಿ ಇಷ್ಟದ ಕ್ರಮದಲ್ಲೇ ಹಾಕಿ, ಸಿಕ್ಕಿದ್ರೂ ಹೋಗ್ಲಿಕ್ಕಿಲ್ಲ ಅನ್ನುವ ಕಾಲೇಜನ್ನು ಹಾಕಲೇಬೇಡಿ.

ಸೊಸೆಯ ಎರಡನೇ ವರ್ಷ ನಾವು ಅಕ್ಕನ ಮನೆ ಜಗಲಿಯಲ್ಲಿ ಚಾಪೆ ಹಾಸಿ ಕೂತು ಚೀಟಿ ಮಾಡಿದ್ದು. ಒಂದೊಂದು ಕಾಲೇಜಿಗೆ ಒಂದೊಂದು ಚೀಟಿ, ಮೇಲೆ ಕೆಳಗೆ ಜರುಗಿಸ್ಲಿಕ್ಕೆ ಸುಲಭ. ಭಾವ ಪರಿಯಾರವನ್ನು (ಕಣ್ಣೂರಿನ ಸರ್ಕಾರಿ ಮೆಡಿಕಲ್ ಕಾಲೇಜು) ಮೇಲೆ ಜರುಗಿಸುದು, ಅವಳು ಕೋಝಿಕ್ಕೋಡನ್ನು ಅದರ ಮೇಲೆ ಇಡುದು. ಭಾವನ ವಾದ ಮನೆಗೆ ಹತ್ತಿರ, ಶನಿವಾರ ಬರಬಹುದು ಅಂತ. ಅವಳ ವಾದ 1957ರಿಂದ ನಡೆಯುವ ಕಾಲೇಜು, ರೋಗಿಗಳು ಜಾಸ್ತಿ, ಕಲೀಲಿಕ್ಕೆ ಜಾಸ್ತಿ. ಕೊನೆಗೆ ಅವಳ ಕ್ರಮದಲ್ಲೇ ಹಾಕಿದ್ದು, ಸಿಕ್ಕಿದ್ದು ಪರಿಯಾರ, ಇಬ್ಬರೂ ಗೆದ್ದ ಹಾಗೆ ಆಯ್ತು.

ಈಗಿನ ಮಕ್ಕಳಿಗೆ ಇನ್ನೊಂದು ಚೀಟಿ ಜಾಸ್ತಿ. ನಮ್ಮ ಉಕ್ಕಿನಡ್ಕದ ಕಾಸರಗೋಡು ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು, 2025ರಲ್ಲಿ 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿತು. 2020ರ ಮಾರ್ಚಲ್ಲಿ ತಲಪಾಡಿ ಗಡಿಗೆ ಮಣ್ಣು ಹಾಕಿ ಮುಚ್ಚಿ ಮಂಗಳೂರಿಗೆ ಹೋಗ್ಲಿಕ್ಕಾಗದೆ ಆಂಬುಲೆನ್ಸ್ ವಾಪಸ್ ಬಂದದ್ದನ್ನು ನೋಡಿದವರಿಗೆ ಆ ಕಟ್ಟಡದ ಬೆಲೆ ಗೊತ್ತುಂಟು. ಆದ್ರೆ ಚೀಟಿ ಇಡುವಾಗ ಪ್ರೀತಿ ಒಂದೇ ನೋಡ್ಬೇಡಿ, ಹೊಸ ಕಾಲೇಜು ಅಂದ್ರೆ ಯಾವ ವಿಭಾಗ ನಡೀತಾ ಉಂಟು, ಹಾಸ್ಟೆಲ್ ಹೇಗೆ ಅಂತ ಒಂದು ದಿನ ಬಸ್ ಹತ್ತಿ ಹೋಗಿ ನೋಡಿ ಬನ್ನಿ.

ಎಂಸಿಸಿಯಲ್ಲಿ ರೌಂಡಿನ ನಿಯಮ ಕಟ್ಟುನಿಟ್ಟು. ಒಂದನೇ ರೌಂಡಲ್ಲಿ ಸಿಕ್ಕಿದ್ದು ಬೇಡ ಅಂದ್ರೆ ನಷ್ಟ ಇಲ್ಲದೆ ಬಿಡಬಹುದು, ಎರಡನೇದರಲ್ಲಿ ಬಿಟ್ರೆ ಡೆಪಾಸಿಟ್ ಹೋಗ್ತದೆ, ಮೂರನೇದರಲ್ಲಿ ಸೇರಿದ್ರೆ ಬಿಡ್ಲಿಕ್ಕೇ ಇಲ್ಲ. ಆಲ್ ಇಂಡಿಯಾ ಕೋಟಾಕ್ಕೆ ಡೆಪಾಸಿಟ್ ಜನರಲ್‌ಗೆ 10,000, ಎಸ್‌ಸಿ, ಎಸ್‌ಟಿ, ಓಬಿಸಿಯವರಿಗೆ 5,000, ಡೀಮ್ಡ್‌ಗೆ 2 ಲಕ್ಷ. ದೇರಳಕಟ್ಟೆ ಹತ್ತಿರ ಅಂತ ಸುಮ್ಮನೆ ಡೀಮ್ಡ್‌ಗೂ ಟಿಕ್ ಹಾಕುವ ಮೊದಲು ಅಲ್ಲಿಯ ವರ್ಷದ ಫೀಸು ಎಷ್ಟು ಅಂತ ನೋಡಿ, ಐದು ಅಡಿಕೆ ಬೆಳೆಯ ದುಡ್ಡು ಒಂದು ವರ್ಷಕ್ಕೆ ಬೇಕು.

ಈ ಹೊತ್ತಿಗೇ ಫೋನು ಬರ್ಲಿಕ್ಕೆ ಶುರು ಆಗುದು. "ಸೀಟು ಫಿಕ್ಸ್ ಮಾಡಿ ಕೊಡ್ತೇವೆ, ಅಡ್ವಾನ್ಸ್ ಹಾಕಿ." ದೇಶದೊಳಗೆ ಮ್ಯಾನೇಜ್‌ಮೆಂಟ್ ಸೀಟೂ ಕೌನ್ಸೆಲಿಂಗಿನಲ್ಲೇ ಹೋಗುದು, ಫೋನಲ್ಲಿ ಫಿಕ್ಸ್ ಆಗುವಂಥದ್ದು ಎಂತದೂ ಇಲ್ಲ. ವಿದೇಶಕ್ಕೆ ಕಳಿಸ್ತೇವೆ ಅಂತ ಹೇಳುವವರಿಗೂ ನೀಟ್ ಪಾಸಾಗದೆ ಹೋಗಿ ಬಂದ್ರೆ ಇಲ್ಲಿ ಲೈಸೆನ್ಸ್ ಸಿಗುದಿಲ್ಲ ಅಂತ ಗೊತ್ತಿರ್ತದೆ, ಆದ್ರೆ ಅದನ್ನು ಅವರು ಮೊದಲು ಹೇಳುದಿಲ್ಲ.

ಸೇರ್ಲಿಕ್ಕೆ ಹೋಗುವ ದಿನ

ತೊಟ್ಟೆ ಬೇಡ, ಒಂದು ಝಿಪ್ ಇರುವ ಫೈಲ್ ತಕ್ಕೊಳ್ಳಿ, ಜುಲೈ ಆಗಸ್ಟಿನ ಮಳೆ ನಿಮಗೆ ಗೊತ್ತೇ ಉಂಟಲ್ಲ. ಅಲಾಟ್‌ಮೆಂಟ್ ಮೆಮೋ, ನೀಟ್ ಅಡ್ಮಿಟ್ ಕಾರ್ಡ್, ಸ್ಕೋರ್ ಕಾರ್ಡ್, ಹತ್ತರದ್ದೂ ಪ್ಲಸ್ ಟುವಿನದ್ದೂ ಒರಿಜಿನಲ್, ಟಿಸಿ, ನೇಟಿವಿಟಿ, ಜಾತಿ ಕಾಗದ, ಹೆಸರಿನ ಕಾಗದ, ಆಧಾರ್. ಎಲ್ಲದರ ಮೂರು ಮೂರು ಝೆರಾಕ್ಸ್. ಒರಿಜಿನಲ್ ಒಮ್ಮೆ ಕಾಲೇಜಿಗೆ ಕೊಟ್ರೆ ಸುಲಭದಲ್ಲಿ ವಾಪಸ್ ಬರುದಿಲ್ಲ, ಹಾಗಾಗಿ ಕೊಡುವ ಮೊದಲು ಕಲರ್ ಸ್ಕ್ಯಾನ್ ಮಾಡಿ ಮೈಲಲ್ಲಿ ಹಾಕಿಟ್ಕೊಳ್ಳಿ, ಸ್ಕಾಲರ್‌ಶಿಪ್ ಅರ್ಜಿಗೆ ಅದೇ ಬೇಕಾಗುದು. ಮತ್ತೆ ಫೋಟೋ, ನೀಟ್ ಅರ್ಜಿಯಲ್ಲಿ ಹಾಕಿದ ಅದೇ ಫೋಟೋ, ಹೊಸದು ತೆಗೆಸಿದ್ದಲ್ಲ. ನಾನು ಮಕ್ಕಳಿಗೆ ಫೆಬ್ರವರಿಯಲ್ಲೇ ಹದಿನಾರು ಪ್ರತಿ ತೆಗೆದು ಕವರಲ್ಲಿ ಹಾಕಿ ಕೊಡ್ತೇನೆ, ಅರ್ಧ ಕಾಲೇಜಿಗೆ ಹೋಗ್ತದೆ, ಅರ್ಧ ಹಾಸ್ಟೆಲ್ ಆಫೀಸಿಗೆ, ಒಂದನ್ನು ಅಮ್ಮಂದಿರು ಕೇಳದೆಯೇ ಎತ್ತಿಟ್ಕೊಳ್ತಾರೆ.